ಕ್ಯಾಶುವಲ್ಟಿ ಡಾಕ್ಟರುಗಳಿಗೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷದ ಪಾಠ: ಮಂಗಳೂರು, ಉಡುಪಿಯ ಆಸ್ಪತ್ರೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕರಾವಳಿಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಮಣಿಪಾಲದ ಕೆಎಂಸಿ 1953ರಲ್ಲೇ ಶುರುವಾಯಿತು. ಮಂಗಳೂರಿನಲ್ಲಂತೂ ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ, ಮುಕ್ಕ ಹೀಗೆ ಯಾವ ದಿಕ್ಕಿಗೆ ಹೋದರೂ ಒಂದು ಕಾಲೇಜು ಸಿಗುತ್ತದೆ. ಭಾನುವಾರ ಬಂತೆಂದರೆ ಎಲ್ಲಾದರೂ ಒಂದು ಸಿಎಂಇ (ಡಾಕ್ಟರುಗಳಿಗಾಗಿ ನಡೆಯುವ ಮುಂದುವರಿದ ಕಲಿಕೆಯ ಕಾರ್ಯಕ್ರಮ) ಇರುತ್ತದೆ. ಸ್ಲೈಡುಗಳು, ಊಟ, ಸರ್ಟಿಫಿಕೇಟ್ ಎಲ್ಲ ಚೆನ್ನಾಗಿಯೇ ಇರುತ್ತವೆ. ಆದರೆ ರಾತ್ರಿ ಎರಡು ಗಂಟೆಗೆ ಬೆಳ್ತಂಗಡಿ ಕಡೆಯಿಂದ ಹಾವು ಕಚ್ಚಿದವರನ್ನು ಕರೆತಂದಾಗ, ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಗಾಜಿನ ಟೆಸ್ಟ್ ಟ್ಯೂಬ್ ಯಾವ ಡ್ರಾಯರಿನಲ್ಲಿದೆ ಎಂದು ಡ್ಯೂಟಿ ಡಾಕ್ಟರ್ ಹುಡುಕುತ್ತಿರುತ್ತಾರೆ. ಸಿಎಂಇಯಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೇಳಿಕೊಡಲು ಆಗುವುದೂ ಇಲ್ಲ, ಯಾಕೆಂದರೆ ಆ ಡ್ರಾಯರ್ ಇರುವುದು ನಿಮ್ಮ ಆಸ್ಪತ್ರೆಯಲ್ಲಿ.

ಈ ಬರಹ ಕ್ಯಾಶುವಲ್ಟಿ ಇನ್‌ಚಾರ್ಜ್ ಆಗಿರುವವರಿಗೆ, ಎಮರ್ಜೆನ್ಸಿ ಮೆಡಿಸಿನ್ ವಿಭಾಗದ ಕಿರಿಯ ಅಧ್ಯಾಪಕರಿಗೆ, ತಾಲೂಕು ಆಸ್ಪತ್ರೆಯಲ್ಲಿ ನಾಲ್ಕೈದು ಡ್ಯೂಟಿ ಡಾಕ್ಟರುಗಳನ್ನು ನೋಡಿಕೊಳ್ಳುವವರಿಗೆ. ಎಮರ್ಜೆನ್ಸಿ ಮೆಡಿಸಿನ್ ಎಂಡಿಗೆ ನಮ್ಮ ದೇಶದಲ್ಲಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಹಾಗಾಗಿ ಇವತ್ತಿಗೂ ಎಷ್ಟೋ ಕಡೆ ಕ್ಯಾಶುವಲ್ಟಿ ನಡೆಯುವುದು ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರಿಂದ. ಅವರಲ್ಲಿ ಅರ್ಧದಷ್ಟು ಮಂದಿಯ ಕಣ್ಣು ನೀಟ್-ಪಿಜಿ ಪುಸ್ತಕದ ಮೇಲೆ ಇರುತ್ತದೆ. ಅವರಿಗೆ ಕಲಿಸುವ ಕೆಲಸ ಚಿಕ್ಕದಾಗಿರಬೇಕು, ಕ್ಯಾಶುವಲ್ಟಿಯಲ್ಲೇ ಆಗಬೇಕು, ಆ ವಾರ ಬರುವ ರೋಗಿಗೆ ಉಪಯೋಗಕ್ಕೆ ಬರಬೇಕು. ಮುಂದೆ ಹೇಳುವುದೆಲ್ಲ ಇದನ್ನು ಮಾಡುವ ಬಗೆ.

ಮೊದಲು ರಿಜಿಸ್ಟರ್ ತೆರೆಯಿರಿ

ಪಠ್ಯಕ್ರಮವನ್ನು ಪುಸ್ತಕದ ಪರಿವಿಡಿ ನೋಡಿ ಮಾಡಬೇಡಿ. ಕಳೆದ ಒಂದು ವರ್ಷದ ಕ್ಯಾಶುವಲ್ಟಿ ರಿಜಿಸ್ಟರ್ ತೆಗೆದುಕೊಂಡು ಕೂರಿ. ಒಬ್ಬ ಇಂಟರ್ನ್, ಒಬ್ಬ ಹಿರಿಯ ಸಿಸ್ಟರ್ ಜೊತೆಗಿರಲಿ. ಮೂರು ಪಟ್ಟಿ ಮಾಡಿ. ಪದೇ ಪದೇ ಬರುವವು ಯಾವುವು? ಅಪರೂಪಕ್ಕೆ ಬಂದರೂ ಹತ್ತು ನಿಮಿಷದಲ್ಲಿ ಜೀವ ಹೋಗುವಂಥವು ಯಾವುವು? ನಮ್ಮಲ್ಲಿ ತಡವಾದವು, ಗೊಂದಲವಾದವು, ಜಗಳವಾದವು ಯಾವುವು? ಮೂರನೇ ಪಟ್ಟಿ ರಿಜಿಸ್ಟರಿನಲ್ಲಿ ಸಿಗುವುದಿಲ್ಲ, ಸಿಸ್ಟರಿಗೆ ಗೊತ್ತಿರುತ್ತದೆ. ಟೀ ಕೊಟ್ಟು ಕೇಳಿ.

ಈ ಪಟ್ಟಿಯನ್ನು ತಿಂಗಳ ಪ್ರಕಾರ ಜೋಡಿಸಿದರೆ ಕರಾವಳಿಯ ವರ್ಷವೇ ಎದುರಿಗೆ ಬರುತ್ತದೆ. ಏಪ್ರಿಲ್, ಮೇನಲ್ಲಿ ರಜೆಗೆ ಬಂದವರು ಪಣಂಬೂರು, ಸುರತ್ಕಲ್, ಮಲ್ಪೆ, ಮರವಂತೆಯ ನೀರಿಗಿಳಿಯುತ್ತಾರೆ, ಮುಳುಗಿದವರು ಕ್ಯಾಶುವಲ್ಟಿಗೆ ಬರುತ್ತಾರೆ. ಅದೇ ಹೊತ್ತಿಗೆ ಗುಡುಗು ಸಿಡಿಲು. ಮೇ ಕೊನೆಯಲ್ಲಿ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಶುರು, ಅಂದರೆ ಮನೆಯ ಜಗಲಿಯಲ್ಲಿ ಮೈಲುತುತ್ತಿನ (ಕಾಪರ್ ಸಲ್ಫೇಟ್) ಚೀಲ. ಜೂನ್‌ನಿಂದ ಹಾವು, ಇಲಿಜ್ವರ, ಡೆಂಗಿ, ಮಲೇರಿಯಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ವಿಂಚ್‌ಗೆ ಸಿಕ್ಕಿದ ಕೈ, ಬಲೆಗೆ ಸಿಕ್ಕಿದ ಬೆರಳು. ಅಡಿಕೆ ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದವರು, ದೋಟಿ ಕರೆಂಟಿನ ತಂತಿಗೆ ತಾಗಿ ಶಾಕ್ ಹೊಡೆದವರು. ರಾಷ್ಟ್ರೀಯ ಹೆದ್ದಾರಿ 66ರ ಅಪಘಾತಕ್ಕೆ ಮಾತ್ರ ಯಾವ ಸೀಸನ್ನೂ ಇಲ್ಲ.

ಪಾಠ ಯಾವಾಗಲೂ ಸೀಸನ್‌ಗಿಂತ ಎರಡು ವಾರ ಮುಂದೆ ಇರಬೇಕು. ಇಲಿಜ್ವರದ ಪಾಠವನ್ನು ಆಗಸ್ಟ್‌ನಲ್ಲಿ ಮಾಡಿದರೆ ಜುಲೈಯ ರೋಗಿಗೆ ಏನೂ ಪ್ರಯೋಜನವಿಲ್ಲ ಅಲ್ವಾ? ನಾನಾದರೆ ಮೇ ತಿಂಗಳ ನಾಲ್ಕು ವಾರವನ್ನು ಹೀಗೆ ಹಂಚುತ್ತೇನೆ: ಮುಳುಗಿದವರು, ಹಾವು, ವಿಷ ಕುಡಿದವರು, ಮಳೆಗಾಲದ ಜ್ವರ.

ಮಳೆಗಾಲದ ಜ್ವರದ ಪಾಠದಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿನಿಂದ ಬಂದ ಡಾಕ್ಟರುಗಳು ಡೆಂಗಿ, ಮಲೇರಿಯಾ ಎಂದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಕಣ್ಣು ಕೆಂಪಾಗಿ, ಮೀನಖಂಡ ನೋಯುತ್ತಾ, ಮೂತ್ರ ಕಡಿಮೆಯಾಗಿ ಬಂದ ಗದ್ದೆ ಕೆಲಸದವರಲ್ಲಿ ಇಲಿಜ್ವರ ಹೊಳೆಯಬೇಕು. ಸಕ್ಕರೆ ಕಾಯಿಲೆ ಇರುವವರು ಮಳೆಗಾಲದಲ್ಲಿ ನ್ಯುಮೋನಿಯಾ ಅಥವಾ ಕೀವುಗಡ್ಡೆಯ ಜೊತೆ ಶಾಕ್‌ನಲ್ಲಿ (ಬಿಪಿ ಕುಸಿದ ಸ್ಥಿತಿಯಲ್ಲಿ) ಬಂದರೆ ಮೆಲಿಯೋಯ್ಡೋಸಿಸ್ ನೆನಪಾಗಬೇಕು. ಇದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ನಮ್ಮ ಕರಾವಳಿಯಲ್ಲಿ ಇದ್ದೇ ಇದೆ. ಅಭ್ಯಾಸಬಲದಿಂದ ಹಾಕುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲದು. ಸೆಫ್ಟಜಿಡೈಮ್ ಅಥವಾ ಮೆರೊಪೆನೆಮ್ ಬೇಕು. ಆ್ಯಂಟಿಬಯೋಟಿಕ್‌ಗೆ ಮೊದಲು ಬ್ಲಡ್ ಕಲ್ಚರ್ ತೆಗೆಯಬೇಕು. ಮೆಲಿಯೋಯ್ಡೋಸಿಸ್ ಸಂಶಯ ಇದೆ ಎಂದು ಲ್ಯಾಬಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಬೆಳೆದದ್ದನ್ನು ಸುಮ್ನೆ ಸ್ಯೂಡೋಮೋನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಎಂದು ಬದಿಗಿಡುವ ಅಪಾಯವಿದೆ.

ಒಂದು ಪಾಠ, ಒಂದು ಕೆಲಸ

ವಿಷಯ ಆಯ್ಕೆಯಾದ ಮೇಲೆ ಒಂದು ವಾಕ್ಯ ಬರೆಯಿರಿ. "ಈ ಪಾಠ ಆದ ಮೇಲೆ ನಮ್ಮ ಡಾಕ್ಟರ್ ಇದನ್ನು ಮಾಡುತ್ತಾರೆ." "ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷದ ಬಗ್ಗೆ ತಿಳಿಯುತ್ತಾರೆ" ಎಂದು ಬರೆದರೆ ಅದು ಪಾಠವಲ್ಲ, ಭಾಷಣ. "ಕೀಟನಾಶಕ ಕುಡಿದು ಎದೆಯಲ್ಲಿ ಗೊರಗೊರ ಸದ್ದಿನೊಂದಿಗೆ ಬಂದವರಿಗೆ ಆಟ್ರೋಪಿನ್ ಕೊಟ್ಟು, ಐದೈದು ನಿಮಿಷಕ್ಕೆ ನೋಡಿ, ಸಾಲದಿದ್ದರೆ ದುಪ್ಪಟ್ಟು ಮಾಡುತ್ತಾರೆ" ಎಂದು ಬರೆಯಿರಿ.

ಈ ಉದಾಹರಣೆಯನ್ನೇ ಸ್ವಲ್ಪ ಬಿಡಿಸೋಣ. ಈ ವಿಷಕ್ಕೆ ಪ್ರತಿಮದ್ದು ಆಟ್ರೋಪಿನ್, ನಮ್ಮಲ್ಲಿ ಅದರ ಆ್ಯಂಪೂಲ್ ಬರುವುದು 0.6 ಮಿಲಿಗ್ರಾಂನದ್ದು. ದೊಡ್ಡವರಿಗೆ ಮೊದಲ ಡೋಸ್ 1.8ರಿಂದ 3 ಮಿಲಿಗ್ರಾಂ, ಅಂದರೆ ಮೂರರಿಂದ ಐದು ಆ್ಯಂಪೂಲ್. ಐದು ನಿಮಿಷ ಬಿಟ್ಟು ಎದೆ ಕೇಳಬೇಕು. ಸದ್ದು ಹೋಗಿಲ್ಲವೇ? ದುಪ್ಪಟ್ಟು. ಮತ್ತೆ ಐದು ನಿಮಿಷ, ಮತ್ತೆ ದುಪ್ಪಟ್ಟು. ಎದೆ ಒಣಗಿ, ನಾಡಿ 80 ದಾಟಿ, ಸಿಸ್ಟೋಲಿಕ್ ಬಿಪಿ 80ರ ಮೇಲೆ ನಿಲ್ಲುವವರೆಗೆ. ಐದರಿಂದ ಶುರು ಮಾಡಿದರೆ ಮೂರನೇ ಸುತ್ತಿಗೇ ಇಪ್ಪತ್ತು ಆ್ಯಂಪೂಲ್ ಬೇಕಾಗುತ್ತದೆ! ಕಿರಿಯ ಡಾಕ್ಟರ್ ಹೆದರಿ ನಿಲ್ಲುವುದು ಇಲ್ಲೇ. ಸಿದ್ಧಾಂತ ಗೊತ್ತಿಲ್ಲದೆ ಅಲ್ಲ, ಒಡೆದ ಆ್ಯಂಪೂಲ್‌ಗಳ ರಾಶಿ ನೋಡಿ ಕೈ ತಡೆಯುತ್ತದೆ. ಅದಕ್ಕೆ ಪಾಠದಲ್ಲಿ ಅವಧಿ ಮುಗಿದ ಆ್ಯಂಪೂಲ್‌ಗಳನ್ನು ಕೊಟ್ಟು ನಿಜವಾಗಿಯೂ ಒಡೆಸಿ. ಇಪ್ಪತ್ತು ಆ್ಯಂಪೂಲ್ ಒಡೆದು ಸಿರಿಂಜಿಗೆ ಎಳೆಯಲು ಒಬ್ಬರಿಗೆ ಎಷ್ಟು ಹೊತ್ತು ಬೇಕು, ಇಬ್ಬರು ನಿಂತರೆ ಎಷ್ಟು ಎಂದು ಗಡಿಯಾರ ಹಿಡಿದು ನೋಡಲಿ. ರಾತ್ರಿ ಸ್ಟಾಕ್ ಎಷ್ಟಿದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಮೈಲುತುತ್ತು ಕುಡಿದವರದ್ದು ಬೇರೆ ಕತೆ. ಆಕ್ಸಿಜನ್ ಎಷ್ಟು ಕೊಟ್ಟರೂ ಪಲ್ಸ್ ಆಕ್ಸಿಮೀಟರ್ 85ರ ಆಸುಪಾಸಿನಲ್ಲೇ ನಿಂತು, ತೆಗೆದ ರಕ್ತ ಚಾಕೊಲೇಟ್ ಬಣ್ಣದಲ್ಲಿದ್ದರೆ ಮೆಥೆಮೊಗ್ಲೋಬಿನ್ (ಆಕ್ಸಿಜನ್ ಹೊರಲಾಗದ ಹಿಮೋಗ್ಲೋಬಿನ್) ಎಂದು ತಿಳಿಯಬೇಕು. ಅದಕ್ಕೆ ಮದ್ದು ಮೆಥಿಲೀನ್ ಬ್ಲೂ, ಕೆಜಿಗೆ 1ರಿಂದ 2 ಮಿಲಿಗ್ರಾಂ. ಜಿ6ಪಿಡಿ ಎಂಬ ಕಿಣ್ವದ ಕೊರತೆಯ ಬಗ್ಗೆ ಕೇಳಿಕೊಳ್ಳಬೇಕು. ಇದಕ್ಕೆ ಒಂದು ಇಡೀ ವಾರ ಬೇಡ, ವಿಷದ ಪಾಠದ ಕೊನೆಯ ಐದು ನಿಮಿಷ ಸಾಕು.

ಯಾವಾಗ, ಎಲ್ಲಿ, ಯಾರ ಜೊತೆ

ಬೆಳಗಿನ ಹ್ಯಾಂಡ್‌ಓವರ್ ಮುಗಿದ ಕೂಡಲೇ ಒಳ್ಳೆಯ ಸಮಯ. ಎರಡು ಶಿಫ್ಟ್‌ನವರೂ ಇರುತ್ತಾರೆ, ಹಾಸಿಗೆಗಳು ಸ್ವಲ್ಪ ಖಾಲಿ ಇರುತ್ತವೆ. ಆದರೆ ರಾತ್ರಿ ಡ್ಯೂಟಿ ಮುಗಿಸಿದವರನ್ನು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದಿಡಬೇಡಿ. ಅವರು ಬೈಕ್ ಓಡಿಸಿಕೊಂಡು ಮನೆಗೆ ಹೋಗಬೇಕು. ಇಪ್ಪತ್ತು ಎಂದರೆ ಇಪ್ಪತ್ತೇ. ಮೊಬೈಲಿನಲ್ಲಿ ಅಲಾರಂ ಇಡಿ, ಹೊಡೆದಾಗ ಮಾತು ಅರ್ಧದಲ್ಲಿದ್ದರೂ ನಿಲ್ಲಿಸಿ. ಒಮ್ಮೆ ಸಮಯಕ್ಕೆ ಬಿಟ್ಟರೆ ಮುಂದಿನ ವಾರ ತಾವಾಗಿಯೇ ಬರುತ್ತಾರೆ.

ಜಾಗ ಸೆಮಿನಾರ್ ಹಾಲ್ ಅಲ್ಲ. ರೋಗಿಯನ್ನು ಮಲಗಿಸುವ ಅದೇ ರೆಡ್ ಬೇ (ತೀರಾ ಗಂಭೀರ ರೋಗಿಗಳ ಜಾಗ), ಅದೇ ಟ್ರಾಲಿ, ಅದೇ ಮಾನಿಟರ್. ಒಂದು ಹಾಸಿಗೆ ಖಾಲಿ ಇರಲೇಬೇಕು, ನಿಜವಾದ ರೋಗಿ ಬಂದರೆ ಪಾಠ ಆ ಕ್ಷಣಕ್ಕೇ ರದ್ದು. ಬಾಗಿಲಲ್ಲಿ "ತರಬೇತಿ ನಡೆಯುತ್ತಿದೆ" ಎಂದು ಕನ್ನಡದಲ್ಲಿ ಬೋರ್ಡ್ ಹಾಕಿ. ಇಲ್ಲದಿದ್ದರೆ ಹೊರಗೆ ಕೂತ ರೋಗಿಯ ಮನೆಯವರು ಗಾಬರಿಯಾಗುತ್ತಾರೆ.

ಸಿಸ್ಟರ್, ಬ್ರದರ್, ಟೆಕ್ನಿಷಿಯನ್, ಸ್ಟ್ರೆಚರ್ ತಳ್ಳುವವರು, ಆಯಾ ಎಲ್ಲರೂ ಇರಲಿ. ಡಾಕ್ಟರಿಗೆ ಮಾತ್ರ ಕಲಿಸಿದ ತುರ್ತು ಚಿಕಿತ್ಸೆ ಅರ್ಧ ಕಲಿಸಿದ ಹಾಗೆ. 108ರ ಸಿಬ್ಬಂದಿ ಯಾರಾದರೂ ಆಗ ಆವರಣದಲ್ಲಿದ್ದರೆ ಕರೆಯಿರಿ. ಕರ್ನಾಟಕದಲ್ಲಿ ಈ ಸೇವೆ ಬಂದಿದ್ದು 2008ರಲ್ಲಿ, ಘಟ್ಟದ ಬುಡದಿಂದ ರೋಗಿಯನ್ನು ತರುವಾಗ ದಾರಿಯಲ್ಲಿ ಏನಾಗುತ್ತದೆ ಎನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಬೇರೆ ಅರ್ಧ ಗಂಟೆ ಕೊಡಿ. ಡಿಫಿಬ್ರಿಲೇಟರ್ ಆನ್ ಮಾಡಿಸಿ, ಸಕ್ಷನ್ ಹಚ್ಚಿಸಿ, ಆಕ್ಸಿಜನ್ ಸಿಲಿಂಡರ್ ಬದಲಾಯಿಸಿ ತೋರಿಸಿ. ಹೊರ ರಾಜ್ಯದವರಿಗೆ ಆಯಾ ಒಬ್ಬರು "ದಾದ ಆಂಡ್?", "ಓಲು ಬೇನೆ?" ಎಂಬ ತುಳು ಪ್ರಶ್ನೆಗಳನ್ನು ಹೇಳಿಕೊಡಲಿ. ಬ್ಯಾರಿ, ಕೊಂಕಣಿ, ಮಲಯಾಳಂ ಯಾರಿಗೆ ಬರುತ್ತದೆ ಎಂಬ ಹೆಸರಿನ ಪಟ್ಟಿ ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿರಲಿ.

ಹಾವು ಕಡಿತದ ಪಾಠ, ಮೊದಲಿಂದ ಕೊನೆಯವರೆಗೆ

ಒಂದು ಪಾಠವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವನ್ನು ಇದೇ ಜಾಡಿನಲ್ಲಿ ನೀವೇ ಕಟ್ಟಿಕೊಳ್ಳಬಹುದು. ಡೋಸ್‌ಗಳನ್ನು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಜೊತೆ ತಾಳೆ ನೋಡಿಯೇ ಕಲಿಸಿ.

ತಯಾರಿಗೆ ಬೇಕಾದದ್ದು: ರೋಗಿಯಾಗಿ ಮಲಗಲು ಒಬ್ಬ ಇಂಟರ್ನ್, ಮನೆಯವರಾಗಿ ನಟಿಸಲು ಒಬ್ಬ ಸಿಸ್ಟರ್, ಒಂದು ಗಾಜಿನ ಟೆಸ್ಟ್ ಟ್ಯೂಬ್, ಒಂದು ಪ್ಲಾಸ್ಟಿಕ್ ಟ್ಯೂಬ್, ಹತ್ತು ಖಾಲಿ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ವಯಲ್, ಸಲೈನ್ ಬಾಟಲಿ, ಆಡ್ರಿನಲಿನ್. ಯಕ್ಷಗಾನದವರ ಕೆಂಪು ಬಣ್ಣ ಸಿಕ್ಕಿದರೆ ಕಾಲಿಗೆ ಎರಡು ಚುಕ್ಕಿ ಇಡಿ. ಇಲ್ಲದಿದ್ದರೂ ನಡೆಯುತ್ತದೆ.

ಕೇಸ್ ಹೀಗೆ: ನಲವತ್ತೆರಡು ವರ್ಷದವರು, ಸಂಜೆ ತೋಟದಲ್ಲಿ ಹುಲ್ಲು ಹೆರೆಯುವಾಗ ಪಾದಕ್ಕೆ ಕಚ್ಚಿದೆ. ಕಾಲು ಊದಿದೆ, ಮಂಡಿಯ ಕೆಳಗೆ ಬೈರಾಸು ಬಿಗಿದು ಕಟ್ಟಿದ್ದಾರೆ, ಒಸಡಿನಲ್ಲಿ ರಕ್ತ. ಮನೆಯವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, "ಹಾವನ್ನು ಹಿಡಿದು ತಂದಿದ್ದೇವೆ ಡಾಕ್ಟ್ರೇ". ಮೊದಲು ನಾಟಿ ಮದ್ದು ಕೊಡುವವರ ಹತ್ತಿರ ಹೋಗಿದ್ದರು, ಅದನ್ನು ಹೇಳಲು ಹಿಂಜರಿಯುತ್ತಿದ್ದಾರೆ.

ಇಲ್ಲಿ ನೀವು ಕಾದು ನೋಡಬೇಕಾದ ಜಾಗಗಳು ಕೆಲವಿವೆ. ಮೊದಲನೆಯದು ಆ ಚೀಲ. ಯಾರಾದರೂ ಬಿಚ್ಚಲು ಹೋದರೆ ತಡೆಯಿರಿ, ಸತ್ತ ಹಾವಿನ ಹಲ್ಲಿನಿಂದಲೂ ವಿಷ ಏರುತ್ತದೆ. ಮೊಬೈಲಿನಲ್ಲಿ ಫೋಟೊ ಇದ್ದರೆ ಸಾಕು, ಅದೂ ಇಲ್ಲದಿದ್ದರೆ ಲಕ್ಷಣ ನೋಡಿಯೇ ಚಿಕಿತ್ಸೆ. ಎರಡನೆಯದು ಬೈರಾಸು. ಉತ್ಸಾಹದ ಡಾಕ್ಟರ್ ಕತ್ತರಿ ತೆಗೆದುಕೊಂಡು ಚಕ್ಕನೆ ಕತ್ತರಿಸುತ್ತಾರೆ. ರಕ್ತನಾಳಕ್ಕೆ ಲೈನ್ ಹಾಕಿ, ಕಟ್ಟಿನ ಕೆಳಗೆ ನಾಡಿ ನೋಡಿ, ಉಸಿರಾಟಕ್ಕೆ ನೆರವು ಕೊಡುವ ಸಾಮಾನು ಪಕ್ಕದಲ್ಲಿಟ್ಟು ಆಮೇಲೆ ಬಿಚ್ಚಬೇಕು. ಕಟ್ಟು ಬಿಚ್ಚಿದಾಗ ಬಿಪಿ ಕುಸಿಯಬಹುದು, ಉಸಿರು ಕಟ್ಟಬಹುದು.

ಮೂರನೆಯದು ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪಾಠದ ತಿರುಳು ಇದೇ. ಎರಡು ಮಿಲಿ ರಕ್ತ, ಶುದ್ಧವಾದ ಒಣ ಗಾಜಿನ ಟ್ಯೂಬು, 20 ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ರಕ್ತ ನೀರಾಗಿ ಹರಿದರೆ ವೈಪರ್ (ಮಂಡಲದ ಹಾವು) ವಿಷ ರಕ್ತಕ್ಕೆ ಏರಿದೆ ಎಂದರ್ಥ. ಎರಡೂ ಟ್ಯೂಬುಗಳನ್ನು ಟ್ರೇಯಲ್ಲಿ ಇಟ್ಟಿದ್ದು ಇದಕ್ಕೇ. ಯಾರಾದರೂ ಪ್ಲಾಸ್ಟಿಕ್ ಎತ್ತಿಕೊಂಡರೆ ಏನೂ ಹೇಳಬೇಡಿ, ಆಮೇಲೆ ಚರ್ಚೆಯಲ್ಲಿ ತನ್ನಿ. ಗಾಜಿನ ಮೈ ತಾಗಿದರೇ ರಕ್ತ ಹೆಪ್ಪುಗಟ್ಟುವ ಸರಣಿ ಚುರುಕಾಗುವುದು. ಪ್ಲಾಸ್ಟಿಕ್‌ನಲ್ಲಿ, ಸೋಪು ಹಾಕಿ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸಬಹುದು. ಅದನ್ನು ನೋಡಿ ಹತ್ತು ವಯಲ್ ಏರಿಸಿದರೆ ರೋಗಿಗೆ ಸುಮ್ನೆ ಅಪಾಯ, ವಯಲ್‌ಗಳೂ ಹಾಳು.

ನಾಲ್ಕನೆಯದು ಎಎಸ್‌ವಿ. ಪುಡಿಯನ್ನು ಕರಗಿಸುವಾಗ ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಬೇಕು. ಶುರುವಿಗೆ 8ರಿಂದ 10 ವಯಲ್, ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ಟೆಸ್ಟ್ ಡೋಸ್ ಬೇಡ. ಮಕ್ಕಳಿಗೂ ಇದೇ ಡೋಸ್, ಯಾಕೆಂದರೆ ಹಾವು ಮಕ್ಕಳಿಗೆ ಕಮ್ಮಿ ವಿಷ ಬಿಡುವುದಿಲ್ಲ. ಐದು ನಿಮಿಷದ ಹೊತ್ತಿಗೆ ನೀವು ಹೇಳಿ: "ರೋಗಿಗೆ ಮೈಯೆಲ್ಲ ತುರಿಕೆ, ಬಿಪಿ 70." ಆಗ ಎಎಸ್‌ವಿ ನಿಲ್ಲಬೇಕು, ಆಡ್ರಿನಲಿನ್ 0.5 ಮಿಲಿಗ್ರಾಂ ತೊಡೆಯ ಹೊರಬದಿಯ ಸ್ನಾಯುವಿಗೆ ಹೋಗಬೇಕು. ಅದಕ್ಕೆ ಮೊದಲು ಏವಿಲ್, ಹೈಡ್ರೋಕಾರ್ಟಿಸೋನ್ ಎಂಬ ಅಲರ್ಜಿಯ ಮದ್ದು ಹುಡುಕಿದರೆ ಚರ್ಚೆಗೆ ಬರೆದುಕೊಳ್ಳಿ. ರೋಗಿ ಸುಧಾರಿಸಿದ ಮೇಲೆ ಎಎಸ್‌ವಿ ಮತ್ತೆ ಶುರುವಾಗಬೇಕು, ಅದನ್ನು ಮರೆಯುವವರೇ ಜಾಸ್ತಿ. ಆರು ಗಂಟೆ ಬಿಟ್ಟು ಹೆಪ್ಪುಗಟ್ಟುವ ಪರೀಕ್ಷೆ ಇನ್ನೊಮ್ಮೆ.

ಕೊನೆಗೆ ಎರಡು "ಹೀಗಾದರೆ?" ಪ್ರಶ್ನೆ ಹಾಕಿ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಬಂದಿದ್ದಾರೆ, ಗಾಯ ಕಾಣುವುದಿಲ್ಲ, ಕಣ್ಣೆವೆ ಜೋತುಬಿದ್ದಿದೆ. ಕಟ್ಟುಹಾವು ಎಂದು ಹೊಳೆಯಬೇಕು. ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾರೆ, ಕುತ್ತಿಗೆ ಎತ್ತುತ್ತಾರೆಯೇ ಎಂದು ಮತ್ತೆ ಮತ್ತೆ ನೋಡಿ ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕುವ ಹೊತ್ತನ್ನು ನಿರ್ಧರಿಸಬೇಕು. ಇನ್ನೊಂದು, ಎಎಸ್‌ವಿ ಎಷ್ಟು ಕೊಟ್ಟರೂ ರಕ್ತ ಹೆಪ್ಪುಗಟ್ಟುತ್ತಿಲ್ಲ. ನಮ್ಮ ಎಎಸ್‌ವಿ ನಾಲ್ಕು ಹಾವುಗಳಿಗೆ ಮಾತ್ರ. ಪಶ್ಚಿಮ ಘಟ್ಟದ ಬುಡದ ತೋಟಗಳಲ್ಲಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಆ ನಾಲ್ಕರಲ್ಲಿ ಇಲ್ಲ. ಅದು ಕಚ್ಚಿದರೂ ರಕ್ತ ಕೆಡುತ್ತದೆ, ಕಿಡ್ನಿ ಹಾಳಾಗಬಹುದು. ಹೊರಗಿನ ಪುಸ್ತಕ ಓದಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ವಯಲ್ ಮೇಲೆ ವಯಲ್ ಏರಿಸುವ ಬದಲು ಹಿರಿಯರನ್ನು ಕರೆಯಬೇಕಾದ ಜಾಗ ಇದು.

2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ಫಾರಂ ಎಲ್ಲಿದೆ, ಯಾರು ತುಂಬಬೇಕು ಎಂದು ಅದೇ ದಿನ ತೋರಿಸಿಬಿಡಿ.

ಆಮೇಲಿನ ಮಾತುಕತೆ

ಡ್ರಿಲ್‌ಗೆ ಹತ್ತು ನಿಮಿಷ ಹೋದರೆ ಮಾತಿಗೆ ಹತ್ತು ನಿಮಿಷ. ಇದರಲ್ಲಿ ಉಳಿತಾಯ ಮಾಡಬೇಡಿ. ಕಲಿಯುವುದು ಹೆಚ್ಚಾಗಿ ಇಲ್ಲಿಯೇ.

ನಮ್ಮಲ್ಲಿ ಒಂದು ತೊಂದರೆ ಇದೆ. ಸರ್ ಮಾತಾಡಿದ ಮೇಲೆ ಇನ್ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಸರ್ ಕೊನೆಗೆ ಮಾತಾಡಬೇಕು. ಮೊದಲ ಸರದಿ ತಂಡದಲ್ಲಿ ಅತಿ ಕಿರಿಯರದ್ದು, ಆಮೇಲೆ ಸಿಸ್ಟರ್, ಆಮೇಲೆ ತಂಡ ನಡೆಸಿದ ಡಾಕ್ಟರ್. ಕೇಳುವ ಪ್ರಶ್ನೆಗಳೂ ಸಾದಾ ಇರಲಿ. ಏನಾಯಿತು? ಎಲ್ಲಿ ತಡವಾಯಿತು? ನಾಳೆ ಬೆಳಿಗ್ಗೆ ಏನು ಬದಲಾಯಿಸೋಣ? "ಇಷ್ಟೂ ಗೊತ್ತಿಲ್ವಾ?" ಎಂದು ಒಮ್ಮೆ ಹೇಳಿದರೆ ಮುಗಿಯಿತು, ಆ ವರ್ಷ ಪೂರ್ತಿ ನಿಮಗೆ ನಿಜ ಕೇಳಿಸುವುದಿಲ್ಲ. ಪ್ಲಾಸ್ಟಿಕ್ ಟ್ಯೂಬ್ ಎತ್ತಿಕೊಂಡವರನ್ನು "ಆ ಹೊತ್ತಿಗೆ ನಿಮಗೆ ಏನು ಕಾಣಿಸಿತು?" ಎಂದು ಕೇಳಿ. ಬಹಳ ಸಲ ಉತ್ತರ ಬರುವುದು "ಕೈಗೆ ಅದೇ ಸಿಕ್ಕಿತು" ಎಂದು. ಅಂದರೆ ಬದಲಾಗಬೇಕಾದದ್ದು ಡಾಕ್ಟರ್ ಅಲ್ಲ, ಟ್ರೇ.

ನಾಟಿ ಮದ್ದಿನ ವಿಷಯವನ್ನು ಮನೆಯವರ ಪಾತ್ರ ಮಾಡಿದ ಸಿಸ್ಟರ್ ಹೇಳಲಿ. ಡಾಕ್ಟರ್ ಗದರಿದರೇ, ಸಮಾಧಾನವಾಗಿ ಕೇಳಿದರೇ? ಗದರಿದ್ದರೆ ಯಾವ ಸೊಪ್ಪು ಅರೆದು ಹಚ್ಚಿದರು, ಎಷ್ಟು ಹೊತ್ತು ಅಲ್ಲಿದ್ದರು ಎಂಬ ಮಾಹಿತಿ ಯಾವತ್ತೂ ಸಿಗುವುದಿಲ್ಲ.

ರೋಗಿಯ ಪಕ್ಕದಲ್ಲೇ ಒಂದು ನಿಮಿಷ

ವಾರದ ಪಾಠ ಒಂದು ಕಡೆ, ದಿನದ ಕಲಿಕೆ ಇನ್ನೊಂದು ಕಡೆ. ಕನ್ಸಲ್ಟೆಂಟ್‌ಗೆ ಪ್ರತಿ ರೋಗಿಯ ಮೇಲೂ ಪಾಠ ಮಾಡಲು ಸಮಯವಿಲ್ಲ. ಇದಕ್ಕೆ 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್ ಅಧ್ಯಾಪಕರು ಒಂದು ಚಿಕ್ಕ ಕ್ರಮ ಬರೆದರು, ಒಂದು ನಿಮಿಷದ ಬೋಧನೆ ಎಂದೇ ಹೆಸರು. ಕಿರಿಯರಿಂದ ಒಂದು ತೀರ್ಮಾನ ಹೇಳಿಸುವುದು, ಯಾಕೆ ಎಂದು ಕೇಳುವುದು, ಒಂದು ನಿಯಮ ಕಲಿಸುವುದು, ಸರಿ ಮಾಡಿದ್ದನ್ನು ಹೇಳುವುದು, ತಪ್ಪಿದ್ದನ್ನು ತಿದ್ದುವುದು. ನಮ್ಮ ಕ್ಯಾಶುವಲ್ಟಿಯಲ್ಲಿ ಅದು ಹೀಗೆ ಕೇಳಿಸುತ್ತದೆ:

"ಮೇಡಂ, ಕುಂದಾಪುರದ ಅಮ್ಮ, ಐವತ್ತೆಂಟು ವರ್ಷ, ಶುಗರ್ ಇದೆ. ಎದೆಯುರಿ, ವಾಂತಿ. ಗ್ಯಾಸ್ಟ್ರಿಕ್ ಅಂತಿದ್ದಾರೆ."

"ಅವರು ಅನ್ನುವುದು ಇರ್ಲಿ. ನಿಮಗೆ ಎಂತ ಅನ್ನಿಸ್ತದೆ?"

"ಗ್ಯಾಸ್ಟ್ರೈಟಿಸ್ಸೇ ಇರಬೇಕು ಮೇಡಂ. ಆದ್ರೆ ಬೆವರ್ತಾ ಇದ್ದಾರೆ."

"ಆ ಬೆವರು ಯಾಕೆ ನಿಮಗೆ ಸರಿ ಕಾಣ್ಲಿಲ್ಲ?"

"ಶುಗರ್ ಇರುವವರಿಗೆ ಎದೆನೋವು ಇಲ್ಲದೇನೂ ಹಾರ್ಟ್ ಅಟ್ಯಾಕ್ ಆಗಬಹುದು. ಇಸಿಜಿ ತೆಗೆಸಲಾ?"

"ತೆಗೆಸಿ. ಒಂದು ನೆನಪಿಟ್ಕೊಳ್ಳಿ. ನಲವತ್ತು ದಾಟಿದವರಿಗೆ ಹೊಕ್ಕುಳಿನ ಮೇಲೆ ಎಲ್ಲಿ ನೋವು, ಉರಿ ಇದ್ದರೂ ಬಂದ ಹತ್ತು ನಿಮಿಷದೊಳಗೆ ಇಸಿಜಿ. ಇಸಿಜಿಯ ಎರಡು, ಮೂರು, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಎದ್ದಿದ್ದರೆ ಬಲಬದಿಯ ಲೀಡೂ ಹಾಕಿ, ಅದನ್ನು ನೋಡದೆ ನೈಟ್ರೇಟ್ ಕೊಡಬೇಡಿ. ಬೆವರು ಗಮನಿಸಿದಿರಲ್ಲ, ಅದು ಒಳ್ಳೆದಾಯ್ತು. ಮುಂದಿನ ಸಲ ನನ್ನನ್ನು ಕರೆಯುವ ಮೊದಲೇ ಇಸಿಜಿ ಕೈಯಲ್ಲಿರ್ಲಿ."

ಅಷ್ಟೇ. ಇಲ್ಲಿ ಮುಖ್ಯ "ನಿಮಗೆ ಎಂತ ಅನ್ನಿಸ್ತದೆ" ಎಂದು ಕೇಳಿ ಬಾಯಿ ಮುಚ್ಚಿಕೊಂಡಿರುವುದು. ನಾಲ್ಕು ಸೆಕೆಂಡ್ ಸುಮ್ಮನಿರಲು ಕನ್ಸಲ್ಟೆಂಟ್‌ಗಳಿಗೆ ಬಹಳ ಕಷ್ಟ. ತಪ್ಪು ತಿದ್ದುವುದು ರೋಗಿಯ ಮುಂದೆ ಬೇಡ, ಎರಡು ಹೆಜ್ಜೆ ಆಚೆ ಬನ್ನಿ.

ಕೈಕೆಲಸ ಕಲಿಸುವುದು

ಎದೆಗೆ ಟ್ಯೂಬ್, ಮೂಳೆಯೊಳಗೆ ಸೂಜಿ, ಕುತ್ತಿಗೆ ಕೊಯ್ದು ಉಸಿರಿನ ದಾರಿ ಮಾಡುವುದು, ಇವು ವರ್ಷಕ್ಕೆ ಕೆಲವೇ ಸಲ ಬರುತ್ತವೆ. ನೋಡಿ ಕಲಿಯಲು ಕಾದರೆ ಆಗುವುದಿಲ್ಲ. ನಾಲ್ಕು ಹಂತದಲ್ಲಿ ಕಲಿಸಿ: ಮೊದಲು ನೀವು ಮಾತಿಲ್ಲದೆ ನಿಜವಾದ ವೇಗದಲ್ಲಿ ಮಾಡಿ ತೋರಿಸಿ, ಆಮೇಲೆ ವಿವರಿಸುತ್ತಾ ನಿಧಾನವಾಗಿ ಮಾಡಿ, ಮೂರನೇ ಸಲ ಅವರು ಹೇಳಲಿ ನೀವು ಮಾಡಿ, ನಾಲ್ಕನೇ ಸಲ ಅವರೇ ಹೇಳುತ್ತಾ ಮಾಡಲಿ. ಮೂರನೇ ಹಂತವನ್ನು ಎಲ್ಲರೂ ಹಾರಿಸುತ್ತಾರೆ, ಆದರೆ ಅವರಿಗೆ ಎಲ್ಲಿ ಗೊಂದಲವಿದೆ ಎಂದು ನಿಮಗೆ ತಿಳಿಯುವುದೇ ಅಲ್ಲಿ.

ಮ್ಯಾನಿಕಿನ್‌ಗೆ (ತರಬೇತಿಯ ಬೊಂಬೆಗೆ) ಲಕ್ಷಗಟ್ಟಲೆ ದುಡ್ಡಿಲ್ಲ ಎಂದು ಕೂರಬೇಡಿ. ಮೂಳೆ ಸೂಜಿಗೆ ಕೋಳಿಯ ಕಾಲು ಸಾಕು. ಕುತ್ತಿಗೆಯ ಕೆಲಸಕ್ಕೆ ಮಟನ್ ಅಂಗಡಿಯಲ್ಲಿ ಆಡಿನ ಶ್ವಾಸನಾಳ ಕೇಳಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ದುಡ್ಡು ಕೂಡ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ ಒಂದು ದಪ್ಪ ಬಟ್ಟೆ ಕಟ್ಟಿ, 10 ನಂಬರ್ ಬ್ಲೇಡ್, ಬೂಜಿ (ಟ್ಯೂಬಿಗೆ ದಾರಿ ಮಾಡುವ ಉದ್ದನೆಯ ಕಡ್ಡಿ), 6ರ ಕಫ್ ಟ್ಯೂಬ್ ಕೊಡಿ. ಮಾಂಸ ಮುಟ್ಟಲು ಮನಸ್ಸಿಲ್ಲದವರಿಗೆ ವೆಂಟಿಲೇಟರ್‌ನ ಸುರುಳಿ ಪೈಪ್ ಕೊಡಿ, ಒತ್ತಾಯ ಮಾಡಬೇಡಿ. ಮುಳುಗಿದವರ ಪಾಠಕ್ಕೆ ಬೇಕಾದದ್ದು ಬ್ಯಾಗ್ ಮತ್ತು ಮಾಸ್ಕ್ ಮಾತ್ರ. ಅಲ್ಲಿ ಹೃದಯ ನಿಂತಿದ್ದು ಉಸಿರಿಲ್ಲದೆ, ಹಾಗಾಗಿ ಮೊದಲು ಉಸಿರು ಕೊಡಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವ ಅಭ್ಯಾಸ ಕಡಲ ಬದಿಯಲ್ಲಿ ಇನ್ನೂ ಇದೆ. ಅದನ್ನು ಬಿಡಿಸಲು ನಿಮ್ಮ ಬ್ರದರ್‌ಗಳು ಬೀಚಿನ ಜೀವರಕ್ಷಕರಿಗೆ ಒಂದು ಸಂಜೆ ಕಲಿಸಿ ಬರಲಿ.

ದೊಡ್ಡ ಅವಘಡದ ತಾಲೀಮು

2010ರ ಮೇ 22ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ನಡೆದ ದುರಂತವನ್ನು ಈ ಊರು ಮರೆತಿಲ್ಲ. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಜನ ಸತ್ತರು, 8 ಜನ ಉಳಿದರು. ಆಸ್ಪತ್ರೆಗಳಿಗೆ ಬಿದ್ದ ದೊಡ್ಡ ಹೊರೆ ಗಾಯಾಳುಗಳದ್ದಲ್ಲ, ಗುರುತು ಸಿಗದ ದೇಹಗಳದ್ದು, ಡಿಎನ್‌ಎ ಪರೀಕ್ಷೆಯದ್ದು, ಕಾಯುತ್ತಿದ್ದ ಮನೆಯವರದ್ದು. ತಾಲೀಮು ಮಾಡುವಾಗ ಬರೀ ಗಾಯದ ತೀವ್ರತೆ ತೋರಿಸುವ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟಿ ನಿಲ್ಲಿಸಬೇಡಿ. ಮನೆಯವರನ್ನು ಎಲ್ಲಿ ಕೂರಿಸುತ್ತೀರಿ, ಅವರ ಜೊತೆ ಯಾರು ಮಾತಾಡುತ್ತಾರೆ, ಪೊಲೀಸರಿಗೆ, ಪತ್ರಕರ್ತರಿಗೆ ಯಾರು ಉತ್ತರಿಸುತ್ತಾರೆ, ಅದನ್ನೂ ಸೇರಿಸಿ. ವರ್ಷಕ್ಕೊಮ್ಮೆ, ಮೇಜಿನ ಮೇಲೆ ಆಸ್ಪತ್ರೆಯ ನಕ್ಷೆ ಹರಡಿ ಕಾಫಿ ಲೋಟಗಳನ್ನು ರೋಗಿಗಳೆಂದು ಸರಿಸಿದರೂ ಸಾಕು. ಹೆದ್ದಾರಿಯಲ್ಲಿ ಮಗುಚಿದ ಗ್ಯಾಸ್ ಟ್ಯಾಂಕರ್, ಮಲ್ಪೆಯಲ್ಲಿ ಮುಳುಗಿದ ಬೋಟು, ಕೇಸಿಗೇನೂ ಕೊರತೆಯಿಲ್ಲ.

ಇದರ ಜೊತೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಬಗ್ಗೆ ಹತ್ತು ನಿಮಿಷ. ಪೊಲೀಸ್ ಬರಲಿ ಎಂದು ಚಿಕಿತ್ಸೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಕಿರಿಯರಿಗೆ ಇದನ್ನು ಪ್ರತಿ ಬ್ಯಾಚಿಗೂ ಹೊಸದಾಗಿ ಹೇಳಬೇಕಾಗುತ್ತದೆ.

ಊರಾಚೆಗಿನ ಆಸ್ಪತ್ರೆಗಳು

ಸುಳ್ಯ, ಬೈಂದೂರಿನ ಡಾಕ್ಟರ್ ನಿಮ್ಮ ಪಾಠಕ್ಕೆ ಬರಲು ಆಗುವುದಿಲ್ಲ. ಮೊಬೈಲಿನಿಂದ ಏನು ಮಾಡಬಹುದು ಎನ್ನುವುದಕ್ಕೆ ನಮ್ಮಲ್ಲೇ ಮಾದರಿ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ "ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್" ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಇಸಿಜಿ ನೋಡಿ ತಜ್ಞರು ಉತ್ತರಿಸುವ ವ್ಯವಸ್ಥೆ ಮಾಡಿತು. ನನಗೆ ಅದರಲ್ಲಿ ಇಷ್ಟವಾಗುವುದು ಸಲಹೆಯ ಜೊತೆಗೇ ನಡೆಯುವ ಕಲಿಕೆ. ಒಬ್ಬರು ಹಾಕಿದ ಇಸಿಜಿಯನ್ನು ಗುಂಪಿನಲ್ಲಿರುವ ಎಲ್ಲರೂ ನೋಡುತ್ತಾರೆ.

ನೀವು ಗುಂಪು ಮಾಡಿದರೆ ಎರಡು ಕಟ್ಟುಪಾಡು ಇರಲಿ. ರೋಗಿಯ ಹೆಸರು, ಮುಖ, ಆಸ್ಪತ್ರೆ ನಂಬರ್ ಬರಬಾರದು. ಗುಡ್ ಮಾರ್ನಿಂಗ್ ಹೂವಿನ ಚಿತ್ರವೂ ಬರಬಾರದು! ಇನ್ನೊಂದು ಮಾತು: ಅವರು ಕಳಿಸಿದ ರೋಗಿಗೆ ಏನಾಯಿತು ಎಂದು ಮರುದಿನ ಫೋನ್ ಮಾಡಿ ಹೇಳಿ. ಕಳಿಸಿದ ರೋಗಿ ಬದುಕಿದರೇ ಇಲ್ಲವೇ ಎಂಬುದೇ ಗೊತ್ತಾಗದೆ ವರ್ಷಗಟ್ಟಲೆ ಕೆಲಸ ಮಾಡುವ ಡಾಕ್ಟರುಗಳಿದ್ದಾರೆ. ಅವರು ಏನನ್ನು ನೋಡಿ ಕಲಿಯಬೇಕು?

ಉಪಯೋಗ ಆಗುತ್ತಿದೆಯೇ ಎಂದು ನೋಡುವುದು

ಪಾಠ ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ "ಸೂಪರ್ ಸರ್" ಎನ್ನುತ್ತಾರೆ. ಬಹು ಆಯ್ಕೆ ಪ್ರಶ್ನೆಗಳೂ ಜಾಸ್ತಿ ಏನನ್ನೂ ಹೇಳುವುದಿಲ್ಲ. ರಿಜಿಸ್ಟರನ್ನೇ ಮತ್ತೆ ತೆರೆಯಿರಿ. ಎದೆನೋವಿನವರು ಬಾಗಿಲಿಗೆ ಬಂದು ಇಸಿಜಿ ಆಗುವವರೆಗೆ ಎಷ್ಟು ನಿಮಿಷ? ವಿಷದ ಲಕ್ಷಣ ಇದ್ದ ಹಾವಿನ ಕೇಸಿಗೆ ಎಎಸ್‌ವಿ ಶುರುವಾಗಲು ಎಷ್ಟು? ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸಿದ ಸ್ಥಿತಿ) ಇದ್ದವರಿಗೆ ಮೊದಲ ಆ್ಯಂಟಿಬಯೋಟಿಕ್ ಕೊಡಲು ಎಷ್ಟು? ಪಾಠಕ್ಕೆ ಮೊದಲಿನ ಎರಡು ತಿಂಗಳು, ಆಮೇಲಿನ ಎರಡು ತಿಂಗಳು ಪಕ್ಕಪಕ್ಕ ಬರೆಯಿರಿ. ಸರಾಸರಿ ತೆಗೆಯಬೇಡಿ, ಒಂದೇ ಒಂದು ಮೂರು ಗಂಟೆಯ ಕೇಸ್ ಲೆಕ್ಕವನ್ನೇ ಕೆಡಿಸುತ್ತದೆ. ಸಮಯಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನ ಸಂಖ್ಯೆ ನೋಡಿ. ಸಮಯವೇ ಬರೆದಿಲ್ಲ ಎಂದು ಕಂಡುಬಂದರೆ, ನಿಮ್ಮ ಮುಂದಿನ ಪಾಠ ಯಾವುದೆಂದು ತೀರ್ಮಾನವಾಯಿತು.

ಈ ಸಂಖ್ಯೆಗಳ ಪಕ್ಕ ಡಾಕ್ಟರುಗಳ ಹೆಸರು ಬರೆದು ಗೋಡೆಗೆ ಅಂಟಿಸಬೇಡಿ. ಹಾಗೆ ಮಾಡಿದರೆ ಸಂಖ್ಯೆ ಸುಧಾರಿಸುತ್ತದೆ, ಚಿಕಿತ್ಸೆ ಅಲ್ಲ.

ಪಾಠ ತಪ್ಪಿದ ವಾರ

ತಪ್ಪುತ್ತದೆ. ಜುಲೈಯಲ್ಲಿ ಜ್ವರದ ರೋಗಿಗಳು ಕಾರಿಡಾರಿನಲ್ಲಿ ಮಲಗಿರುವಾಗ ಡ್ರಿಲ್ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅಂಥ ವಾರ ಐದು ನಿಮಿಷದ ಪಾಠ ಮಾಡಿ. ಹ್ಯಾಂಡ್‌ಓವರ್ ಆದಲ್ಲೇ ನಿಂತು, ಹಿಂದಿನ ರಾತ್ರಿ ಬಂದ ಒಂದು ಕೇಸ್, ಒಂದು ಪ್ರಶ್ನೆ. ಎರಡು ವಾರ ಸತತ ತಪ್ಪಿದರೆ ಮೂರನೇ ವಾರ ನಡೆಸುವ ಜವಾಬ್ದಾರಿಯನ್ನು ಒಬ್ಬ ಪಿಜಿ, ಒಬ್ಬ ಸಿಸ್ಟರ್ ಜೋಡಿಗೆ ಕೊಟ್ಟು ನೀವು ಹಿಂದೆ ನಿಲ್ಲಿ. ವರ್ಷದ ವೇಳಾಪಟ್ಟಿಯನ್ನು ಏಪ್ರಿಲ್ ಮೊದಲ ವಾರ ಬರೆದು ಡ್ಯೂಟಿ ರೋಸ್ಟರ್ ಪಕ್ಕದಲ್ಲೇ ಹಾಕಿ. ಪ್ರತಿ ಪಾಠದ ಎದುರು ನಡೆಸುವವರ ಹೆಸರು, ಅವರು ರಜೆ ಹಾಕಿದರೆ ನಡೆಸುವ ಇನ್ನೊಬ್ಬರ ಹೆಸರು ಎರಡೂ ಇರಲಿ.